ನೀರು ತುಂಬುವ ಹಬ್ಬಕ್ಕೆ ಮೊದಲು: ಚಳಿಗಾಲಕ್ಕೆ ಮನೆಯ ನೀರಿನ ಲೈನು ಸಜ್ಜು ಮಾಡುವ ಕ್ರಮ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ನೀರು ಹೆಪ್ಪುಗಟ್ಟಿ ಪೈಪು ಒಡೆಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಡಿಸೆಂಬರ್, ಜನವರಿಯ ಬೆಳಗಿನ ಜಾವ 13–14 ಡಿಗ್ರಿಗೆ ಇಳಿಯುತ್ತದೆ, ಕೆಲವು ದಿನ ಇನ್ನೂ ಸ್ವಲ್ಪ ಕೆಳಗೆ. ಕಾರವಾರ, ಕುಮಟಾ, ಹೊನ್ನಾವರದಲ್ಲಿ ಅಷ್ಟೂ ಇಲ್ಲ. ನೀರು ಗಡ್ಡೆಯಾಗಲು ಸೊನ್ನೆ ಡಿಗ್ರಿ ಬೇಕು. ಹಿಮಾಚಲ, ಕಾಶ್ಮೀರದ ಮನೆಗಳಲ್ಲಿ ಹಾಗಾಗುತ್ತದೆ. ಗಡ್ಡೆಯಾಗುವಾಗ ನೀರಿನ ಗಾತ್ರ ಶೇಕಡಾ 9ರಷ್ಟು ಹಿಗ್ಗಿ ಪೈಪನ್ನೇ ಸೀಳುತ್ತದೆ. ಆ ಕಡೆಯವರಿಗೆಂದು ಮಾಡಿದ ವಿಡಿಯೊ ನೋಡಿ ಇಲ್ಲಿನ ತಣ್ಣೀರಿನ ಪೈಪಿಗೆ ಫೋಮ್ ಸುತ್ತಲು ದುಡ್ಡು ಹಾಕಬೇಡಿ.

ಇಲ್ಲಿ ಚಳಿಗಾಲದ ತೊಂದರೆಗಳ ಬೇರು ಮಳೆಗಾಲದಲ್ಲಿದೆ. ನಾಲ್ಕು ತಿಂಗಳ ಮಳೆಗೆ ಅಬ್ಬಿಯ (ಗುಡ್ಡದಿಂದ ಮನೆಗೆ ಪೈಪಿನಲ್ಲಿ ಇಳಿಸುವ ಹರಿನೀರು) ಬಾಯಲ್ಲಿ ದರಕು (ಒಣಗಿ ಬಿದ್ದ ಎಲೆ) ಕಟ್ಟಿರುತ್ತದೆ, ದರೆ ಜರಿದು ಪೈಪು ಜಗ್ಗಿರುತ್ತದೆ, ಟ್ಯಾಂಕಿನ ತಳದಲ್ಲಿ ಕೆಸರು ಕೂತಿರುತ್ತದೆ. ಅಷ್ಟರಲ್ಲಿ ಕೊನೆಕೊಯ್ಲು ಶುರುವಾಗಿ ಅಡಿಕೆ ಬೇಯಿಸುವುದಕ್ಕೆ, ಕೆಲಸಕ್ಕೆ ಬಂದವರ ಕೈಕಾಲು ಸ್ನಾನಕ್ಕೆ ನೀರಿನ ಖರ್ಚು ಏರುತ್ತದೆ. ಮುಂದೆ ತೋಟಕ್ಕೆ ನೀರು ಬಿಡುವುದೂ ಅದೇ ಲೈನಿನಿಂದ ಆದರೆ ಮನೆಯ ನಲ್ಲಿ ಸೊರಗುತ್ತದೆ. ಹಾಗಾಗಿ ಈ ಕೆಲಸಕ್ಕೆ ಸರಿಯಾದ ಹೊತ್ತು ದೀಪಾವಳಿಯ ಹಿಂದಿನ ವಾರ. ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಿ ಬಚ್ಚಲು ತೊಳೆಯುವುದು ಹೇಗೂ ಇದ್ದೇ ಇದೆ. ಆ ತೊಳೆಯುವ ಕೆಲಸವನ್ನು ನೀರಿನ ಮೂಲದ ತನಕ ವಿಸ್ತರಿಸಿದರೆ ಮುಗಿಯಿತು.

ಕೆಲಸ ಸಾಗಬೇಕಾದ ದಿಕ್ಕು ಒಂದೇ: ನೀರು ಹರಿಯುವ ದಿಕ್ಕು, ಮೇಲಿಂದ ಕೆಳಕ್ಕೆ. ಮೊದಲು ಟ್ಯಾಂಕು ತೊಳೆದು ಆಮೇಲೆ ಅಬ್ಬಿಗೆ ಹೋದರೆ, ಪೈಪಿನಲ್ಲಿ ಕೂತ ಕೆಸರೆಲ್ಲ ತೊಳೆದ ಟ್ಯಾಂಕಿಗೇ ಬಂದು ಬೀಳುತ್ತದೆ.

ಗುಡ್ಡ ಹತ್ತುವ ಮೊದಲು ಚೀಲದಲ್ಲಿ ಏನಿರಬೇಕು

ಸುಮಾರು 300 ಮೀಟರ್ ಉದ್ದದ ಒಂದಿಂಚು ಕರಿ ಪೈಪಿನ ಲೈನಿಗೆ ಇಷ್ಟು ಸಾಕು: ಅದೇ ಅಳತೆಯ ಜಾಯಿನರ್ 6, ಕ್ಲಿಪ್ಪು 12 (ಒಂದು ಜಾಯಿನರಿಗೆ ಎರಡು ಕಡೆ), ಅರ್ಧ ಇಂಚು ಬಾಯಿರುವ ಟೀ (ಮೂರು ಬಾಯಿಯ ಜೋಡು) 2–3, ಅದಕ್ಕೆ ಕೂರುವ ಸಣ್ಣ ಬಾಲ್ ವಾಲ್ವ್ ಅಷ್ಟೇ, 3 ಮೀಟರ್ ಹೊಸ ಪೈಪಿನ ತುಂಡು, ಗರಗಸದ ಬ್ಲೇಡು, ಸ್ಕ್ರೂ ಡ್ರೈವರ್, ಟೆಫ್ಲಾನ್ ಟೇಪು, ಹಳೆ ಸೈಕಲ್ ಟ್ಯೂಬಿನ ಪಟ್ಟಿ. ಒಂದು ಕತ್ತಿ ಹೇಗೂ ಕೈಯಲ್ಲಿರುತ್ತದೆ. ಜೊತೆಗೆ ಥರ್ಮಾಸಿನಲ್ಲಿ ಕುದಿನೀರು. ಕರಿ ಪೈಪಿನ ತುದಿಯನ್ನು ಅರ್ಧ ನಿಮಿಷ ಕುದಿನೀರಲ್ಲಿ ಅದ್ದಿದರೆ ಮೆತ್ತಗಾಗಿ ಜಾಯಿನರಿನ ಮೇಲೆ ಸಲೀಸಾಗಿ ಕೂರುತ್ತದೆ. ಬೆಂಕಿ ಕಡ್ಡಿ ಗೀರಿ ಸುಟ್ಟು ಮೆತ್ತಗೆ ಮಾಡುವವರು ಬಹಳ ಜನ. ಹಾಗೆ ಮಾಡಿದರೆ ಒಂದು ಬದಿ ತೆಳುವಾಗುತ್ತದೆ, ಮುಂದೆ ಸೀಳು ಬರುವುದು ಅಲ್ಲೇ.

ಕ್ಲಿಪ್ಪು ಕೊಳ್ಳುವಾಗ ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಮಾಮೂಲಿ ಕಬ್ಬಿಣದ ಕ್ಲಿಪ್ಪಿನ ಸ್ಕ್ರೂ ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತುಕ್ಕು ಹಿಡಿದು, ಮುಂದಿನ ಸಲ ಬಿಚ್ಚಲು ಹೋದರೆ ತುಂಡಾಗುತ್ತದೆ.

ಅಬ್ಬಿಯ ಬಾಯಿ

ಲೈನಿನ ತಲೆಯಲ್ಲಿ ಜಾಳಿಗೆ ಸರಿಯಿದ್ದರೆ ಕೆಳಗಿನ ಅರ್ಧ ತಾಪತ್ರಯ ಇಲ್ಲ. ಪೈಪಿನ ತುದಿಗೆ ತೂತಿನ ಡಬ್ಬ ಸಿಕ್ಕಿಸಿ ಕಲ್ಲು ಹೇರಿಟ್ಟರೆ ಮಳೆಗಾಲದಲ್ಲಿ ನಡೆಯುತ್ತದೆ, ಏಕೆಂದರೆ ಆಗ ನೀರಿಗೆ ಬರವಿಲ್ಲ. ಜನವರಿಯಲ್ಲಿ ಹರಿವು ಸಣ್ಣದಾದಾಗ ನಾಲ್ಕೇ ಎಲೆ ಅಡ್ಡ ಬಂದರೂ ನೀರು ನಿಲ್ಲುತ್ತದೆ.

ಎರಡಿಂಚು ಪಿವಿಸಿ ಪೈಪಿನ ಮೂರು ಅಡಿ ತುಂಡು ತೆಗೆದುಕೊಳ್ಳಿ. ಒಂದು ತುದಿಗೆ ಕ್ಯಾಪು, ಇನ್ನೊಂದಕ್ಕೆ ಒಂದಿಂಚಿಗೆ ಇಳಿಸುವ ರೆಡ್ಯೂಸರ್. ಮೈತುಂಬ 4 ಮಿ.ಮೀ. ತೂತು ಕೊರೆಯಿರಿ. ಲೆಕ್ಕ ಹೀಗೆ: ಒಂದಿಂಚು ಪೈಪಿನ ಬಾಯಿಯ ವಿಸ್ತೀರ್ಣಕ್ಕೆ ಸಮನಾಗಲು ಸುಮಾರು 40 ತೂತು ಬೇಕು. ಆದರೆ ತೂತುಗಳಲ್ಲಿ ಅರ್ಧಕ್ಕರ್ಧ ಯಾವಾಗಲೂ ಎಲೆ, ಪಾಚಿ ಹಿಡಿದು ಮುಚ್ಚಿರುತ್ತವೆ. ಆದ್ದರಿಂದ 120 ಕೊರೆಯಿರಿ: ಸುತ್ತ ಆರು ಸಾಲು, ಸಾಲಿಗೆ 20. ಇದರ ಮೇಲೆ ಸೊಳ್ಳೆಪರದೆ ಸುತ್ತಬೇಡಿ. ಅದರ ಕಣ್ಣು ತೀರ ಸಣ್ಣದು, ಕೆಲವೇ ದಿನದಲ್ಲಿ ಲೋಳೆ ಕಟ್ಟಿ ಬಟ್ಟೆಯಂತಾಗುತ್ತದೆ. ನರ್ಸರಿಗೆ ಹಾಕುವ ಹಸಿರು ನೆರಳುಬಲೆ ಒಂದೇ ಸುತ್ತು ಸಾಕು.

ಈ ತುಂಡನ್ನು ಹರಿವಿಗೆ ಎದುರಾಗಿ ಬಾಯಿ ತೆರೆದು ಇಡಬೇಡಿ, ಹರಿವಿಗೆ ಅಡ್ಡಲಾಗಿ ಮಲಗಿಸಿ. ತಳದ ಮರಳಿನಿಂದ ನಾಲ್ಕು ಬೆರಳು ಮೇಲೆ, ನೀರಿನ ಮೇಲ್ಮೈಯಿಂದ ಕನಿಷ್ಠ ಒಂದು ಗೇಣು ಕೆಳಗೆ ಇರಲಿ. ಮೇಲ್ಮೈಗೆ ಹತ್ತಿರವಾದರೆ ಸುಳಿ ಎದ್ದು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಅಷ್ಟು ಆಳವಿಲ್ಲದಿದ್ದರೆ ಮರಳು ತುಂಬಿದ ಗೊಬ್ಬರದ ಚೀಲ ನಾಲ್ಕೈದು ಅಡ್ಡ ಇಟ್ಟು ಸಣ್ಣ ಕಟ್ಟು ಮಾಡಿ, ಹೆಚ್ಚಾದ ನೀರು ಮೇಲಿಂದ ದಾಟಿ ಹಳ್ಳಕ್ಕೆ ಹೋಗುವ ಹಾಗಿರಲಿ. ಕೆಳಗಿನ ಮನೆಯವರೂ ಅದೇ ಹಳ್ಳದ ನೀರಿನವರು.

ಮೂಲದಿಂದ ಹತ್ತಿಪ್ಪತ್ತು ಮೀಟರ್ ಕೆಳಗೆ 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು ಇಟ್ಟು ನೀರನ್ನು ಅದರ ಮೂಲಕ ಹಾಯಿಸಿದರೆ ಮರಳು ಅಲ್ಲೇ ತಂಗುತ್ತದೆ. ಮನೆಗೆ ಹೋಗುವ ಪೈಪು ಡ್ರಮ್ಮಿನ ತಳದಿಂದ ಅರ್ಧ ಅಡಿ ಮೇಲಿರಲಿ, ತಳದಲ್ಲಿ ಕೆಸರು ಬಿಡಲು ಬೇರೆ ವಾಲ್ವ್ ಇರಲಿ. ತಿಂಗಳಿಗೊಮ್ಮೆ ಅದನ್ನು ತಿರುಗಿಸಿದರೆ ಸಾಕು.

ಕರಿ ಪೈಪು ಚಳಿಗೆ ಗಿಡ್ಡವಾಗುತ್ತದೆ

"ನಿನ್ನೆ ರಾತ್ರಿ ಬರುತ್ತಿತ್ತು, ಬೆಳಿಗ್ಗೆ ಎದ್ದರೆ ಇಲ್ಲ" ಎನ್ನುವುದು ಚಳಿಗಾಲದಲ್ಲಿ ಎಲ್ಲ ಮನೆಯ ಮಾತು. ಮಂಗ ಕಿತ್ತಿತು, ಕಾಡುಹಂದಿ ಎಳೆಯಿತು ಎಂದುಕೊಂಡು ಮೇಲೆ ಹೋದರೆ ಜಾಯಿನರಿನಿಂದ ಪೈಪು ತಾನೇ ಕಳಚಿಕೊಂಡಿರುತ್ತದೆ. ಪ್ರಾಣಿಗಳು ಮಾಡುವುದೂ ಇದೆ. ಆದರೆ ಪೈಪಿನ ತುದಿಯಲ್ಲಿ ಹಲ್ಲಿನ ಗುರುತಿಲ್ಲದೆ, ಕ್ಲಿಪ್ಪು ಇದ್ದಲ್ಲೇ ಇದ್ದು, ಪೈಪು ಮಾತ್ರ ಹಿಂದೆ ಸರಿದಿದ್ದರೆ ಅದು ಚಳಿಯ ಕೆಲಸ.

ಕರಿ ಪೈಪಿನ ಪ್ಲಾಸ್ಟಿಕ್ಕು ಬಿಸಿಗೆ ಹಿಗ್ಗುವುದು, ತಂಪಿಗೆ ಕುಗ್ಗುವುದು ಕಬ್ಬಿಣಕ್ಕಿಂತ ಎಷ್ಟೋ ಪಾಲು ಹೆಚ್ಚು. 100 ಮೀಟರ್ ಪೈಪು 20 ಡಿಗ್ರಿ ತಣ್ಣಗಾದರೆ ಹೆಚ್ಚುಕಡಿಮೆ ಒಂದು ಅಡಿ ಗಿಡ್ಡವಾಗುತ್ತದೆ. ಬಿಸಿಲಿಗೆ ಬಿದ್ದ ಪೈಪು ಮಧ್ಯಾಹ್ನ ಮುಟ್ಟಲಾರದಷ್ಟು ಕಾಯುತ್ತದೆ, ಬೆಳಗಿನ ಜಾವ 14 ಡಿಗ್ರಿಗೆ ಬರುತ್ತದೆ. ಮಧ್ಯಾಹ್ನ ಸೆಡೆದು ಎಳೆದು ಕಟ್ಟಿದ ಪೈಪಿಗೆ ಬೆಳಗಿನ ಜಾವ ಬೇಕಾದ ಆ ಒಂದು ಅಡಿ ಎಲ್ಲಿಂದ ಬರಬೇಕು? ಎಲ್ಲಕ್ಕಿಂತ ಸಡಿಲವಾದ ಜಾಯಿನರಿನಿಂದ ಬರುತ್ತದೆ.

ಹಾಗಾಗಿ ಪೈಪನ್ನು ಹಾವು ಹರಿದಂತೆ ಅಂಕುಡೊಂಕಾಗಿ ಮಲಗಿಸಿ, 100 ಮೀಟರಿಗೆ ಎರಡು ಮೀಟರ್ ಹೆಚ್ಚೇ ಬಿಡಿ. ಜಾಯಿನರ್ ಇರುವಲ್ಲಿ ಎರಡೂ ಬದಿ ಒಂದೊಂದು ಗೂಟ ಹೊಡೆದು ಪೈಪನ್ನು ಕಟ್ಟಿದರೆ ಎಳೆತ ಜಾಯಿನರಿಗೆ ತಟ್ಟುವುದಿಲ್ಲ. ಮರಕ್ಕೆ ಕಟ್ಟುವುದಾದರೆ ಸೈಕಲ್ ಟ್ಯೂಬಿನ ಪಟ್ಟಿಯಿಂದ ಕಟ್ಟಿ. ತಂತಿ ಬಿಗಿದರೆ ಪೈಪು ಹಿಂದೆ ಮುಂದೆ ಸರಿದು ಅಲ್ಲೇ ಸವೆಯುತ್ತದೆ. ಬಿಸಿಲು ಬೀಳುವ ಕಡೆ ಒಂದು ಅಡಿ ಆಳಕ್ಕೆ ಹೂಳಬಹುದು, ಆಗದಿದ್ದರೆ ದರಕು ಹೊದೆಸಿ. ಮಣ್ಣಿನೊಳಗಿನ ಪೈಪು ದಿನವಿಡೀ ಬಹುತೇಕ ಒಂದೇ ಶಾಖದಲ್ಲಿರುತ್ತದೆ.

ಇನ್ನೊಂದು ಕಾರಣವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಪ್ರತಿ 10 ಮೀಟರ್ ಎತ್ತರಕ್ಕೆ ಒಂದು ಕೆಜಿಯಷ್ಟು (ಚದರ ಸೆಂಟಿಮೀಟರಿಗೆ) ಒತ್ತಡ. ಅಬ್ಬಿ ಮನೆಗಿಂತ 45 ಮೀಟರ್ ಮೇಲಿದ್ದು, ರಾತ್ರಿ ಟ್ಯಾಂಕು ತುಂಬಿ ಅದರ ಫ್ಲೋಟ್ ವಾಲ್ವ್ ಮುಚ್ಚಿಕೊಂಡರೆ ಕೆಳಗಿನ ಜಾಯಿನರುಗಳು ನಾಲ್ಕೂವರೆ ಕೆಜಿ ಒತ್ತಡ ಹೊತ್ತು ನಿಲ್ಲುತ್ತವೆ. ಅದರ ಮೇಲೆ ಚಳಿಯ ಎಳೆತ. ಹಳೆ ಮನೆಗಳಲ್ಲಿ ಅಬ್ಬಿಯ ನೀರನ್ನು ತಡೆಯದೆ ಹರಿಯಬಿಟ್ಟು, ಹೆಚ್ಚಾದದ್ದನ್ನು ತೋಟಕ್ಕೆ ಇಳಿಸುತ್ತಿದ್ದರು. ಅದೇ ಸರಿ. ಫ್ಲೋಟ್ ವಾಲ್ವ್ ತೆಗೆದು, ಟ್ಯಾಂಕಿನ ಮೇಲ್ಭಾಗದಿಂದ ಒಳಬರುವ ಪೈಪಿಗಿಂತ ಒಂದು ಅಳತೆ ದೊಡ್ಡ ಪೈಪು ಹಾಕಿ ತೋಟಕ್ಕೆ ಬಿಡಿ. ನೀರು ಉಳಿಸಲೇಬೇಕಾದ ಕಡೆ, ಫ್ಲೋಟ್ ವಾಲ್ವ್ ಇಡುವುದಾದರೆ, ಪೈಪು 6 ಕೆಜಿಯದೇ ಇರಲಿ. ಅಗ್ಗಕ್ಕೆ ಸಿಗುವ ತೆಳು ಪೈಪು ಬೇಡ.

ಗಾಳಿ ಕಟ್ಟಿದರೆ

ಎಲ್ಲ ಜೋಡಿಸಿ ಆಯಿತು, ಮೇಲೆ ನೀರಿದೆ, ಕೆಳಗೆ ಬೆರಳು ಗಾತ್ರವೂ ಬರುತ್ತಿಲ್ಲ. ಪೈಪು ಇಳಿದು, ಮತ್ತೆ ದಿಬ್ಬ ಹತ್ತಿ, ಪುನಃ ಇಳಿಯುವ ಕಡೆ ದಿಬ್ಬದ ನೆತ್ತಿಯಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಹರಿವು ಜೋರಿದ್ದಾಗ ಅದನ್ನು ತಳ್ಳಿಕೊಂಡು ಹೋಗುತ್ತದೆ. ಚಳಿಗಾಲದ ಮಂದ ಹರಿವಿಗೆ ಆ ಬಲ ಇಲ್ಲ.

ಅದಕ್ಕೇ ಚೀಲದಲ್ಲಿ ಟೀ, ಸಣ್ಣ ವಾಲ್ವ್ ಇಟ್ಟುಕೊಂಡದ್ದು. ಪ್ರತಿ ದಿಬ್ಬದ ನೆತ್ತಿಯಲ್ಲಿ ಒಂದು ಟೀ ಕೂರಿಸಿ, ವಾಲ್ವಿನ ಬಾಯಿ ಮೇಲಕ್ಕಿರಲಿ. ನೀರು ಬಿಡುವಾಗ ಮನೆಯ ತುದಿಯನ್ನು ಪೂರ್ತಿ ತೆರೆದಿಟ್ಟು, ಮೇಲಿನ ವಾಲ್ವ್ ಅರ್ಧ ಮಾತ್ರ ತೆರೆಯಿರಿ. ಮೊದಲನೆಯ ದಿಬ್ಬದ ವಾಲ್ವ್ ಬಿಚ್ಚಿ ಕೂರಿ. ಮೊದಲು ಉಸ್ ಎಂದು ಗಾಳಿ, ಆಮೇಲೆ ಉಗುಳಿದ ಹಾಗೆ ಗಾಳಿ ನೀರು ಎರಡೂ, ಕೊನೆಗೆ ಒಂದೇ ಸಮ ನೀರು. ಗುಳ್ಳೆ ಪೂರ್ತಿ ನಿಂತ ಮೇಲೆ ಮುಚ್ಚಿ ಎರಡನೆಯ ದಿಬ್ಬಕ್ಕೆ ಇಳಿಯಿರಿ. ಕೆಳಗಿನಿಂದ ಮೇಲಕ್ಕೆ ಮಾಡುತ್ತ ಹೋದರೆ ಬಿಟ್ಟ ಜಾಗಕ್ಕೇ ಮತ್ತೆ ಗಾಳಿ ಬಂದು ಸೇರುತ್ತದೆ.

ಬಾವಿ, ಪಂಪು

ಕರಾವಳಿಯ ಹೆಚ್ಚಿನ ಮನೆಗಳಿಗೆ ಚೀರೆಕಲ್ಲಿನ ಬಾವಿಯೇ ಆಧಾರ. ಮಳೆಗಾಲದಲ್ಲಿ ಕೈಗೆಟುಕುತ್ತಿದ್ದ ನೀರು ಚಳಿಗಾಲದುದ್ದಕ್ಕೂ ಇಳಿಯುತ್ತ ಹೋಗುತ್ತದೆ, ಪಂಪಿನ ಪೈಪಿನ ಕೆಳತುದಿಯ ಫುಟ್ ವಾಲ್ವ್ ಮಾತ್ರ ಇದ್ದಲ್ಲೇ ಇರುತ್ತದೆ. ಅದು ಸದಾ ನೀರಿನ ಮಟ್ಟದಿಂದ ಎರಡು ಮೂರು ಅಡಿ ಕೆಳಗೆ, ತಳದಿಂದ ಎರಡು ಅಡಿ ಮೇಲೆ ಇರಬೇಕು. ಮೇಲೆ ಕೂತ ಪಂಪು ನೀರನ್ನು ಎಳೆಯಬಲ್ಲದ್ದು ಹೆಚ್ಚೆಂದರೆ ಆರೇಳು ಮೀಟರ್. ನೀರು ಅದಕ್ಕಿಂತ ಕೆಳಗೆ ಹೋಗುವ ಬಾವಿಯಾದರೆ ಪಂಪನ್ನು ಕಟ್ಟೆಯಿಂದ ಒಳಗಿನ ಮೆಟ್ಟಿಲಿಗೆ ಇಳಿಸಬೇಕು ಇಲ್ಲವೇ ಮುಳುಗು ಪಂಪು ಹಾಕಬೇಕು. ಪಂಪಿಗೆ ದಿನವೂ ನೀರು ಹೊಯ್ದು ಶುರು ಮಾಡಬೇಕಾಗಿ ಬಂದರೆ ಫುಟ್ ವಾಲ್ವಿನ ಒಳಗಿನ ವಾಷರ್ ಹೋಗಿದೆ ಅಥವಾ ಕಸ ಸಿಕ್ಕಿದೆ. ಪಂಪಿನ ತಪ್ಪೇನಿಲ್ಲ.

ಟ್ಯಾಂಕು ಮತ್ತು ಸೋರಿಕೆ

ಟ್ಯಾಂಕಿನ ತಳದ ಕೆಸರನ್ನು ಮನೆಯ ಲೈನಿಗೆ ಬಿಡದೆ ಬೇರೆ ಬಾಯಿಯಿಂದ ಹೊರಹಾಕಿ. ಗೋಡೆಯನ್ನು ಪ್ಲಾಸ್ಟಿಕ್ ಬ್ರಷ್ಷಿನಿಂದ ತಿಕ್ಕಿ ತೊಳೆದು ತುಂಬಿಸಿ. 1000 ಲೀಟರಿಗೆ 150 ಗ್ರಾಂ ಬ್ಲೀಚಿಂಗ್ ಪೌಡರನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹೊಯ್ಯಿರಿ. ಪೌಡರು ಹೊಸತಿರಬೇಕು, ಬಾಯಿ ಬಿಚ್ಚಿಟ್ಟ ಹಳೆ ಪೊಟ್ಟಣದಲ್ಲಿ ಸತ್ವ ಉಳಿದಿರುವುದಿಲ್ಲ. ಹಂಡೆಗೆ, ಗೀಸರಿಗೆ ಹೋಗುವ ವಾಲ್ವ್ ಮುಚ್ಚಿ, ಉಳಿದ ಒಂದೊಂದೇ ನಲ್ಲಿಯನ್ನು ವಾಸನೆ ಬರುವ ತನಕ ಬಿಟ್ಟು ನಿಲ್ಲಿಸಿ. ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಪೂರ್ತಿ ಖಾಲಿ ಮಾಡಿ. ಈ ನೀರು ಬಾವಿಯ ಬದಿಗೂ ಗಿಡಗಳ ಬುಡಕ್ಕೂ ಹೋಗಬಾರದು, ಕುಡಿಯಲಂತೂ ಸಲ್ಲ. ನೆಲದೊಳಗಿನ ಟ್ಯಾಂಕಿಗೆ ಒಬ್ಬರೇ ಇಳಿಯಬೇಡಿ.

ಸೋರಿಕೆ ಹುಡುಕಲು ಸೀಮೆಸುಣ್ಣ ಸಾಕು. ರಾತ್ರಿ ಒಳಬರುವ ನೀರು, ಎಲ್ಲ ನಲ್ಲಿ ಮುಚ್ಚಿ ಟ್ಯಾಂಕಿನ ಒಳಗೋಡೆಯಲ್ಲಿ ನೀರಿನ ಮಟ್ಟಕ್ಕೆ ಗೀರು ಹಾಕಿ. ಸಾವಿರ ಲೀಟರಿನ ಮಾಮೂಲಿ ಟ್ಯಾಂಕಿನಲ್ಲಿ ಒಂದು ಸೆಂಟಿಮೀಟರ್ ಇಳಿದರೆ ಸುಮಾರು 10 ಲೀಟರ್ ಹೋಯಿತೆಂದು ಲೆಕ್ಕ. ಬೆಳಿಗ್ಗೆ ನೀರು ಗೀರಿಗಿಂತ ಕೆಳಗಿದ್ದರೆ ಮೊದಲು ನೋಡಬೇಕಾದದ್ದು ಕಮೋಡಿನ ಫ್ಲಶ್. ಎಷ್ಟೋ ಸಲ ಸದ್ದಿಲ್ಲದೆ ಹರಿಯುವುದು ಅಲ್ಲೇ. ಆಮೇಲೆ ಹೊರಗೋಡೆಯ, ತಾರಸಿಯ ಪಿವಿಸಿ ಜೋಡುಗಳು. ಬಿಸಿಲಿನ ತಾರಸಿಯಲ್ಲಿ 20 ಮೀಟರ್ ಪಿವಿಸಿಯೂ ಹಗಲು ರಾತ್ರಿಗೆ ಒಂದಿಂಚಿನಷ್ಟು ಹಿಗ್ಗಿ ಕುಗ್ಗುತ್ತದೆ, ಅದನ್ನು ಎರಡೂ ತುದಿಗೆ ಸಿಮೆಂಟಿನಲ್ಲಿ ಕಚ್ಚಿಸಿದ್ದರೆ ಎಲ್ಬೋ ಬಿರಿಯುತ್ತದೆ.

ಅಂಟು ಹಾಕುವ ಕೆಲಸ ಬೆಳಿಗ್ಗೆ ಹತ್ತರ ನಂತರ ಮಾಡಿ. ಇಬ್ಬನಿಯ ಪಸೆ ಇರುವ ಪೈಪಿಗೆ ಸಾಲ್ವೆಂಟ್ ಸರಿಯಾಗಿ ಕೂರುವುದಿಲ್ಲ, ಚಳಿಯಲ್ಲಿ ಒಣಗುವುದೂ ನಿಧಾನ. ಒಣಬಟ್ಟೆಯಿಂದ ಒರೆಸಿ, ಎರಡೂ ಕಡೆ ಸವರಿ, ಕಾಲು ಸುತ್ತು ತಿರುಗಿಸಿ ಒತ್ತಿ, ಅರ್ಧ ನಿಮಿಷ ಹಿಡಿದುಕೊಳ್ಳಿ. ಪೂರ್ತಿ ಒತ್ತಡದ ನೀರು ಮರುದಿನವೇ ಬಿಡಿ. ಡಬ್ಬದ ಅಂಟು ಲೋಳೆಯಂತೆ ಗಟ್ಟಿಯಾಗಿದ್ದರೆ ತೆಳು ಮಾಡಲು ಹೋಗದೆ ಎಸೆಯಿರಿ.

ಹಂಡೆ, ಬಚ್ಚಲೊಲೆ

ಹಂಡೆಯ ತಳದ ಮಸಿ ಬೆರಳು ದಪ್ಪ ಕೂತರೆ ಕಟ್ಟಿಗೆ ಹೆಚ್ಚು ಬೇಕು, ಮಸಿ ಶಾಖವನ್ನು ತಡೆಯುತ್ತದೆ. ಹಂಡೆ ಇಳಿಸುವಂತಿದ್ದರೆ ವರ್ಷಕ್ಕೊಮ್ಮೆ ಇಳಿಸಿ ಹೆರೆಯಿರಿ. ಒಳಗಿನ ಕಿಲುಬಿಗೆ ಹುಣಸೆಹಣ್ಣು, ಇಲ್ಲವೇ ಮುರುಗಲ ಸಿಪ್ಪೆ ಉಪ್ಪು ಹಾಕಿ ತಿಕ್ಕಿದರೆ ಬಿಡುತ್ತದೆ. ಹುಳಿಯ ನೀರು ಒಳಗೆ ಉಳಿಯದಂತೆ ಚೆನ್ನಾಗಿ ತೊಳೆಯಿರಿ.

ಹಂಡೆಗೆ ಈಗ ಬಹಳ ಮನೆಗಳಲ್ಲಿ ನೇರ ನಲ್ಲಿ, ಹಂಡೆಯಿಂದ ಬಚ್ಚಲಿಗೆ ಬಿಸಿನೀರಿನ ಪೈಪು ಇದೆ. ಇಲ್ಲಿ ಮೂರು ತಪ್ಪು ಪದೇಪದೇ ಕಾಣುತ್ತದೆ. ಬಿಸಿನೀರಿಗೆ ಸಾದಾ ಪಿವಿಸಿ ಹಾಕುವುದು ಮೊದಲನೆಯದು. ಅದು 60 ಡಿಗ್ರಿ ದಾಟಿದರೆ ಮೆತ್ತಗಾಗಿ ಜೋತುಬೀಳುತ್ತದೆ. ಸಿಪಿವಿಸಿಯೇ ಬೇಕು, ಅದೂ ಸುಮಾರು 93 ಡಿಗ್ರಿಯ ತನಕ ಮಾತ್ರ. ಹಂಡೆಯ ನೀರು ಕುದಿಯುತ್ತದೆಂಬುದನ್ನು ಮರೆಯಬೇಡಿ, ಹಂಡೆಯಿಂದ ಮೊದಲ ಮೂರು ಅಡಿ ಲೋಹದ ಪೈಪು ಹಾಕಿ ಆಮೇಲೆ ಸಿಪಿವಿಸಿ ಜೋಡಿಸಿ. ಎರಡನೆಯದು, ತಾಮ್ರದ ಹಂಡೆಗೆ ಜಿಐ (ಸತುವು ಬಳಿದ ಕಬ್ಬಿಣ) ಪೈಪನ್ನು ನೇರ ಕೂರಿಸುವುದು. ತಾಮ್ರ ತಗುಲಿದ ಕಡೆ ಜಿಐ ಬೇಗ ತಿಂದುಹೋಗುತ್ತದೆ, ನಡುವೆ ಹಿತ್ತಾಳೆಯ ಫಿಟ್ಟಿಂಗು ಇರಬೇಕು. ಮೂರನೆಯದು ಅಪಾಯದ್ದು: ಹಂಡೆಯ ಬಾಯಿಯನ್ನು ಬಿಗಿಯಾಗಿ ಮುಚ್ಚಿ ಸೀಲು ಮಾಡುವುದು. ಕುದಿಯುವ ನೀರಿನ ಉಗಿಗೆ ದಾರಿ ಇರಲೇಬೇಕು. ಮುಚ್ಚಳ ಸಡಿಲವಾಗಿ ಕೂತಿರಲಿ.

ಒಲೆಯ ಬಾಯಿ ಬಚ್ಚಲೊಳಗೇ ಇದ್ದರೆ ಹೊಗೆ ಕಿಂಡಿಯಲ್ಲಿ ಜೇಡ, ಹಕ್ಕಿಗೂಡು ಇಲ್ಲವೆಂದು ನೋಡಿಕೊಳ್ಳಿ. ಚಳಿಯೆಂದು ಕಿಂಡಿಗೆ ಗೋಣಿಚೀಲ ತುರುಕಬೇಡಿ.

ಗೀಸರು, ಗ್ಯಾಸು, ಸೋಲಾರು

ಬೇಸಿಗೆಯಲ್ಲಿ 28 ಡಿಗ್ರಿಯಿದ್ದ ನೀರು ಚಳಿಯಲ್ಲಿ 18ಕ್ಕೆ ಇಳಿದರೆ, 15 ಲೀಟರಿನ 2 ಕಿಲೋವ್ಯಾಟ್ ಗೀಸರಿಗೆ 55 ಡಿಗ್ರಿ ಮುಟ್ಟಲು 14 ನಿಮಿಷದ ಬದಲು 19 ನಿಮಿಷ ಬೇಕು. ಅದು ಕೆಟ್ಟ ಲಕ್ಷಣವಲ್ಲ. ಅರ್ಧ ಗಂಟೆಯಾದರೂ ಉಗುರುಬೆಚ್ಚಗೆ ಇದ್ದರೆ ಕಾಯಿಲಿನ ಮೇಲೆ ಸುಣ್ಣ ಕಟ್ಟಿದೆ ಅಥವಾ ಥರ್ಮೋಸ್ಟಾಟ್ ಹೋಗಿದೆ.

ಗೀಸರಿನ ಕೆಳಗೆ ತಣ್ಣೀರು ಬಾಯಲ್ಲಿ ಸಣ್ಣ ಹಿಡಿಯಿರುವ ಸೇಫ್ಟಿ ವಾಲ್ವ್ ಇರುತ್ತದೆ. ಹಿಡಿ ಎತ್ತಿದರೆ ನೀರು ಚಿಮ್ಮಬೇಕು. ಚಿಮ್ಮದಿದ್ದರೆ ಕಚ್ಚಿಕೊಂಡಿದೆ, ಬದಲಿಸದೆ ಗೀಸರು ಹಾಕಬೇಡಿ. ನೀರು ಕಾಯುವಾಗ ಅಲ್ಲಿಂದ ನಾಲ್ಕು ಹನಿ ತೊಟ್ಟಿಕ್ಕುವುದು ಸಹಜ, ಹಿಗ್ಗಿದ ನೀರು ಹೊರಬರುವ ದಾರಿ ಅದು. ಸೋರುತ್ತದೆಂದು ಅದಕ್ಕೆ ಕ್ಯಾಪು ಬಿಗಿದರೆ ಗೀಸರು ಸಿಡಿಯಬಹುದು. ಕಾರವಾರ, ಅಂಕೋಲಾದ ಹೊಳೆಬಾಯಿಯ ಹತ್ತಿರ ಬಾವಿಯ ನೀರು ಉಪ್ಪಾಗುವ ಕಡೆ ಒಳಗಿನ ಮೆಗ್ನೀಷಿಯಂ ಕಡ್ಡಿಯನ್ನು ವರ್ಷಕ್ಕೊಮ್ಮೆ ತೆಗೆಸಿ ನೋಡಿ. ಟ್ಯಾಂಕಿನ ಬದಲು ತಾನು ಸವೆಯುವುದಕ್ಕೇ ಅದನ್ನು ಇಟ್ಟಿರುವುದು. ನಡುವಿನ ತಂತಿ ಕಾಣಿಸಿದರೆ ಹೊಸತು ಹಾಕಿಸಿ. ಅರ್ಥಿಂಗ್ ಪರೀಕ್ಷೆಯನ್ನು ವಿದ್ಯುತ್ ಕೆಲಸದವರಿಂದಲೇ ಮಾಡಿಸಿ.

ಗ್ಯಾಸ್ ಗೀಸರು ಬಚ್ಚಲ ಒಳಗೆ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಅದರಿಂದ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆ ಭಾರ, ತಲೆಸುತ್ತು ಬಂದು ಬಾಗಿಲು ತೆಗೆಯುವಷ್ಟರಲ್ಲಿ ಪ್ರಜ್ಞೆ ತಪ್ಪುತ್ತದೆ. ಹೊರಗೋಡೆಗೆ ಹಾಕಿ, ಬಿಸಿನೀರಿನ ಪೈಪು ಮಾತ್ರ ಒಳಗೆ ತನ್ನಿ. ಉರಿ ನೀಲಿಯಿರಬೇಕು. ಹಳದಿಯಾದರೆ ನಿಲ್ಲಿಸಿ ಬರ್ನರ್ ಶುಚಿ ಮಾಡಿಸಿ.

ಸೋಲಾರಿನ ಗಾಜಿನ ಮೇಲೆ ಮಳೆಗಾಲದ ಪಾಚಿ, ಧೂಳು ಕೂತಿದ್ದರೆ ಬೆಳಿಗ್ಗೆ ಬಿಸಿಲೇರುವ ಮೊದಲೇ ತೊಳೆಯಿರಿ. ಖಾಲಿಯಿದ್ದು ಕಾದ ಕೊಳವೆಗೆ ಮಧ್ಯಾಹ್ನ ತಣ್ಣೀರು ಬಿಟ್ಟರೆ ಗಾಜು ಸಿಡಿಯುತ್ತದೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುವುದರಿಂದ, ಮೇ ತಿಂಗಳಲ್ಲಿ ಅಡ್ಡ ಬರದಿದ್ದ ತೆಂಗು, ಅಡಿಕೆಯ ನೆರಳು ಈಗ ಬೀಳಬಹುದು. ಬೆಳಿಗ್ಗೆ ಹತ್ತರಿಂದ ಮೂರರ ತನಕ ಒಂದು ದಿನ ಗಮನಿಸಿ.

ಫೋಮ್ ಸುತ್ತಬೇಕಾದದ್ದು ಇಲ್ಲಿ, ಬಿಸಿನೀರಿನ ಪೈಪಿಗೆ. ತಾರಸಿಯಿಂದ ಬಚ್ಚಲಿಗೆ 20 ಮೀಟರ್ ಮುಕ್ಕಾಲು ಇಂಚು ಸಿಪಿವಿಸಿ ಬಂದಿದ್ದರೆ ಅದರೊಳಗೇ 5 ಲೀಟರ್ ನೀರು ನಿಂತಿರುತ್ತದೆ. ಬಿಸಿನೀರು ಬರುವ ಮೊದಲು ಪ್ರತಿ ಬೆಳಿಗ್ಗೆ ಚೆಲ್ಲುವುದು ಅಷ್ಟು. 13 ಮಿ.ಮೀ. ದಪ್ಪದ ಕರಿ ಫೋಮ್ ಕೊಳವೆ ಹಾಕಿ, ಬಿಸಿಲು ಬೀಳುವ ಕಡೆ ಮೇಲಿಂದ ಅಲ್ಯೂಮಿನಿಯಂ ಟೇಪು ಸುತ್ತಿ. ರಾತ್ರಿಯಿಡೀ ನಿಂತ ನೀರು ಇದರಿಂದಲೂ ತಣಿಯುತ್ತದೆ, ಆದರೆ ಒಬ್ಬರ ಸ್ನಾನ ಮುಗಿದು ಇನ್ನೊಬ್ಬರು ಬರುವ ತನಕ ಬಿಸಿ ಉಳಿಯುತ್ತದೆ. ಬೆಳಗಿನ ಆ ಮೊದಲ ಐದು ಲೀಟರನ್ನು ಬಕೆಟ್ಟಿಗೆ ಹಿಡಿದು ಬಿಸಿನೀರಿಗೆ ಬೆರೆಸಿಕೊಳ್ಳಿ.

ಎಲ್ಲ ಮುಗಿದ ಮೇಲೆ ಮೊದಲ ಗಟ್ಟಿ ಚಳಿಯ ದಿನ, ಬಿಸಿಲು ಬರುವ ಮೊದಲೇ, ಒಮ್ಮೆ ಲೈನಿನುದ್ದಕ್ಕೂ ನಡೆದು ಬನ್ನಿ. ಪೈಪು ಅತಿ ಗಿಡ್ಡವಾಗಿರುವ ಹೊತ್ತು ಅದು. ಯಾವ ಜಾಯಿನರಿನ ಬುಡದ ಮಣ್ಣು ಒದ್ದೆಯಾಗಿದೆಯೋ ಅಲ್ಲಿ ಪೈಪಿಗೆ ಇನ್ನೂ ಅರ್ಧ ಮೀಟರ್ ಸಡಿಲ ಬೇಕು.